ಬೇವಿನ ಕಡ್ಡಿಯಲ್ಲಿ ಕೈ ತಿದ್ದಿಸಿದವರು

ಬಲಗೈ ಹೆಬ್ಬೆರಳಿಗೆ ಅವರು ಸೈಕಲ್ ಟ್ಯೂಬಿನ ತುಂಡೊಂದನ್ನು ಉಂಗುರದಂತೆ ಹಾಕಿಕೊಂಡಿರುತ್ತಿದ್ದರು. ಎರಡು ಬೆರಳಗಲದ ಕಪ್ಪು ರಬ್ಬರು, ಅದರ ಮೇಲೆ ಲೆಕ್ಕವಿಲ್ಲದಷ್ಟು ಸಣ್ಣ ಗೀರುಗಳು. ಊಟಕ್ಕೆ ಕೂತಾಗ ಮಾತ್ರ ಅದನ್ನು ತೆಗೆದು ಅಂಗಿಯ ಜೇಬಿಗೆ ಹಾಕುತ್ತಿದ್ದರು. ತೆಗೆದ ಜಾಗದಲ್ಲಿ ಬೆರಳು ಸಿಪ್ಪೆ ಸುಲಿದ ಆಲೂಗಡ್ಡೆಯಂತೆ ಬೆಳ್ಳಗೆ ಕಾಣುತ್ತಿತ್ತು. ನಾನು ಆ ಊರಿನ ದನದ ಆಸ್ಪತ್ರೆಗೆ ಡಾಕ್ಟರಾಗಿ ಹೋದ ಮೊದಲ ದಿನ, ಬಾಗಿಲ ಬೀಗ ತೆಗೆಯುತ್ತಿದ್ದ ಆ ಕೈಯನ್ನೇ ಮೊದಲು ನೋಡಿದ್ದು. ಗಾಯವಾಗಿರಬೇಕು ಅಂದುಕೊಂಡೆ. ನನಗೋ ಪ್ರಶ್ನೆ ಕೇಳದಿದ್ದರೆ ತಿಂದ ಅನ್ನ ಜೀರ್ಣವಾಗುವುದಿಲ್ಲ.

"ಏನಾಗೈತೆ ಕಾಕಾ ಬೆರಳಿಗೆ?"

"ಏನೂ ಆಗಿಲ್ರಿ ಮೇಡಂ. ಆಗಬಾರದು ಅಂತ ಹಾಕ್ಕೊಂಡೀನಿ."

ಅಷ್ಟೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ಅವರು ಆಸ್ಪತ್ರೆಯ ಅಟೆಂಡರ್. ನಾನು ಹುಟ್ಟುವ ಮೊದಲೇ ಕೆಲಸಕ್ಕೆ ಸೇರಿದವರು. ಕಾಗದದ ಪ್ರಕಾರ ನಾನು ಅವರ ಮೇಲಧಿಕಾರಿ. ಆದರೆ ಯಾವ ಎಮ್ಮೆ ಒದೆಯುತ್ತದೆ, ಯಾವ ಎತ್ತಿಗೆ ಬಿಳಿ ಕೋಟು ಕಂಡರೆ ಆಗುವುದಿಲ್ಲ, ಯಾವ ಮನೆಯವರು ಅರ್ಧ ಮಾತ್ರೆ ಹಾಕಿ ಉಳಿದದ್ದನ್ನು ಗೂಡಿನಲ್ಲಿ ಇಡುತ್ತಾರೆ, ಇವೆಲ್ಲ ಗೊತ್ತಿದ್ದದ್ದು ಅವರಿಗೆ. ನನಗೆ ಗೊತ್ತಿದ್ದದ್ದು ಪುಸ್ತಕದಲ್ಲಿದ್ದದ್ದು.

ಊರು ಕೊಟ್ಟೂರಿನಿಂದ ಉಜ್ಜಿನಿ ಕಡೆ ಹೋಗುವ ದಾರಿ ಬಿಟ್ಟು ಸ್ವಲ್ಪ ಒಳಗಿತ್ತು. ನಾನು ಹರಪನಹಳ್ಳಿಯಲ್ಲಿ ಅವ್ವನ ಜೊತೆ ಇದ್ದು ದಿನಾ ಎರಡು ಬಸ್ಸು ಹಿಡಿದು ಹೋಗುತ್ತಿದ್ದೆ. ಆಸ್ಪತ್ರೆಯೆಂದರೆ ಎರಡು ಕೋಣೆ, ಮುಂದೆ ದನಗಳನ್ನು ನಿಲ್ಲಿಸಿ ಕಟ್ಟುವ ಕಬ್ಬಿಣದ ಚೌಕಟ್ಟು, ಪಕ್ಕದಲ್ಲಿ ಒಂದು ಬೇವಿನ ಮರ. ಬೆಳಿಗ್ಗೆ ಗದ್ದಲ. ಹನ್ನೆರಡರ ಮೇಲೆ ಬಿಸಿಲು ಏರಿದರೆ ನೊಣ ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಆ ಹೊತ್ತಿಗೆ ಕಾಕಾ ಬೇವಿನ ಕಟ್ಟೆಯ ಮೇಲೆ ಕೂತು ಜೇಬಿನಿಂದ ಮಡಚುವ ಚಾಕು ತೆಗೆಯುತ್ತಿದ್ದರು.

ಅದೇನು ದೊಡ್ಡ ಚಾಕುವಲ್ಲ. ಸಂತೆಯಲ್ಲಿ ತಾಡಪಾಲಿನ ಮೇಲೆ ಬೀಗ, ಬಾಚಣಿಗೆಗಳ ಜೊತೆ ಹರವಿಟ್ಟು ಮಾರುತ್ತಾರಲ್ಲ, ಆ ಜಾತಿಯದು. ಮರದ ಹಿಡಿ, ಒಂದೇ ಅಲಗು. ಮಸೆದು ಮಸೆದು ಅಲಗು ಸವೆದು ನಡುವಿನಲ್ಲಿ ಸೊಂಟ ಬಂದಿತ್ತು. ಅದರಲ್ಲಿ ಅವರು ಕಟ್ಟಿಗೆ ಕೆತ್ತುತ್ತಿದ್ದರು. ಎಳೆದಾಗಲೆಲ್ಲ ಅಲಗು ಬಂದು ತಾಗುತ್ತಿದ್ದದ್ದು ಹೆಬ್ಬೆರಳಿನ ಆ ರಬ್ಬರಿಗೆ. ಏನು ಮಾಡುತ್ತಿದ್ದೀರಿ ಅಂದರೆ ಹೇಳುತ್ತಿರಲಿಲ್ಲ, "ಮುಗಿದ ಮ್ಯಾಲ ನೀವಾ ಹೇಳ್ರಿ" ಅನ್ನುತ್ತಿದ್ದರು. ಹಾಗಾಗಿ ನನಗೆ ಅದೊಂದು ಆಟವಾಯಿತು. ಕಿಟಕಿಯಿಂದ ನೋಡುತ್ತಾ ಮನಸ್ಸಿನಲ್ಲೇ ಊಹಿಸುವುದು. ಸಾರು ಬಡಿಸುವ ಸವಟು ಇರಬೇಕು ಅಂದುಕೊಂಡದ್ದು ಸಂಜೆಗೆ ಮರಿಯ ಮುರಿದ ಕಾಲಿಗೆ ಕಟ್ಟುವ ದಬ್ಬೆಯಾಗಿರುತ್ತಿತ್ತು. ದಬ್ಬೆ ಅಂದುಕೊಂಡದ್ದು ಕುರಿಗಾರನ ಗೂಟವಾಗಿರುತ್ತಿತ್ತು. ವಾರಗಟ್ಟಲೆ ನನ್ನ ಒಂದು ಊಹೆಯೂ ನಿಜವಾಗಲಿಲ್ಲ.

ಗೊಟ್ಟ ಮಾಡುವುದನ್ನು ನೋಡಿದ ದಿನ ಮಾತ್ರ ನಾನು ಎದ್ದು ಹೊರಗೇ ಬಂದೆ. ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ನೋಡಿದ್ದೆ, ಮಾಡುವುದನ್ನು ನೋಡಿರಲಿಲ್ಲ. ಒಂದು ಕಡೆ ಗಿಣ್ಣು ಉಳಿಸಿ, ಇನ್ನೊಂದು ತುದಿಯನ್ನು ಓರೆಯಾಗಿ ಕೊಯ್ದು, ಆ ಓರೆಯ ಅಂಚನ್ನು ಅರ್ಧ ತಾಸು ಸವರಿ ಸವರಿ ನಯ ಮಾಡಿದರು. ಆಮೇಲೆ ಏನು ಮಾಡಿದರು ಅನ್ನುತ್ತೀರಿ? ಅದನ್ನು ತಮ್ಮ ಬಾಯಿಗೆ ಹಾಕಿಕೊಂಡು, ನಾಲಿಗೆಯನ್ನು ಅಂಚಿನ ಸುತ್ತ ಆಡಿಸಿ, ಎಲ್ಲೋ ಒಂದು ಕಡೆ ನಿಲ್ಲಿಸಿ, ಹೊರಗೆ ತೆಗೆದು ಆ ಜಾಗವನ್ನು ಮತ್ತೆ ಕೆರೆದರು.

"ಅಯ್ಯೋ ಕಾಕಾ, ಏನಿದು?"

"ಅದರ ನಾಲಿಗಿಗೆ ಹತ್ತೋ ಮೊದ್ಲು ನನ್ನ ನಾಲಿಗಿಗೆ ಹತ್ತಲಿ ಬಿಡ್ರಿ. ನನಗ ಬಾಯಿ ಐತಿ, ಹೇಳ್ತೀನಿ. ಅದು ಹೇಳ್ತೈತೇನು?"

ನಾನು ಸೇರಿದ ಮೂರನೆಯ ತಿಂಗಳಲ್ಲಿ ಆ ಎಮ್ಮೆ ಬಂತು. ಒಬ್ಬ ಮುದುಕಿಯ ಎಮ್ಮೆ, ಕುತ್ತಿಗೆಯ ಕೆಳಗೆ ತೆಂಗಿನಕಾಯಿಯಷ್ಟು ಬಾವು. ಕೊಯ್ದು ಕೀವು ತೆಗೆದರೆ ಮುಗಿಯಿತು, ಸುಲಭದ ಕೆಲಸ. ನಾನು ಬ್ಲೇಡು ಒತ್ತಿದೆ. ಸಾಲದೆನಿಸಿ ಇನ್ನಷ್ಟು ಒತ್ತಿದೆ. ಎಮ್ಮೆ ಮೈ ಕೊಡವಿತು. ಕೀವು ಬರಬೇಕಾದ ಜಾಗದಲ್ಲಿ ರಕ್ತ ಚಿಲುಮೆಯಾಗಿ ನನ್ನ ಮುಖಕ್ಕೆ ಹಾರಿತು. ರಕ್ತನಾಳ ಕೊಯ್ದುಬಿಟ್ಟಿದ್ದೆ. ಮುಂದೇನು ಮಾಡಬೇಕೆಂದು ಐದು ವರ್ಷ ಓದಿದವಳು ನಾನು, ಕಲ್ಲಿನಂತೆ ನಿಂತೆ. ಕಾಕಾ ತಮ್ಮ ಟವೆಲ್ಲನ್ನು ಮುಷ್ಟಿಗೆ ಸುತ್ತಿ ಆ ತೂತಿಗೆ ಒತ್ತಿ ಹಿಡಿದರು. ಅರ್ಧ ತಾಸು ಹಾಗೇ ಹಿಡಿದು ನಿಂತರು. ಕೊನೆಗೆ ರಕ್ತ ನಿಂತಿತು, ನಾನು ಹೊಲಿಗೆ ಹಾಕಿದೆ, ಎಮ್ಮೆ ಬದುಕಿತು. ಆದರೆ ಮುದುಕಿ ಅಷ್ಟು ಹೊತ್ತೂ ಅಂದ ಮಾತು ನನ್ನ ಕಿವಿಯಲ್ಲಿ ಉಳಿಯಿತು.

"ಏನವ್ವಾ, ಎಮ್ಮಿ ನೋಡಾಕ ಬಂದೀಯೋ, ಕೊಯ್ಯಾಕ ಬಂದೀಯೋ?"

ಮಾರನೆಯ ದಿನ ಒಂದು ಆಡಿನ ಗೊರಸು ಕೆತ್ತಬೇಕಿತ್ತು. ಬ್ಲೇಡು ಕೈಗೆ ತೆಗೆದುಕೊಂಡೆ, ಕೈ ನಡುಗತೊಡಗಿತು. ಸಣ್ಣದಾಗಿ ಅಲ್ಲ, ಎಲ್ಲರಿಗೂ ಕಾಣುವಂತೆ. ಬ್ಲೇಡು ಕೆಳಗಿಟ್ಟೆ, ನಿಂತಿತು. ಮತ್ತೆ ಹಿಡಿದೆ, ಮತ್ತೆ ನಡುಕ. ಸೂಜಿ ಹಿಡಿದರೆ ಇಲ್ಲ, ಪೆನ್ನು ಹಿಡಿದರೆ ಇಲ್ಲ, ಅಲಗು ಇರುವುದನ್ನು ಹಿಡಿದರೆ ಮಾತ್ರ. "ಇದನ್ನ ಕೊಟ್ಟೂರಿನ ದೊಡ್ಡಾಸ್ಪತ್ರೆಗೆ ಕರ್ಕಂಡು ಹೋಗ್ರಿ" ಅಂದೆ. ಅಂದಿನಿಂದ ಕೊಯ್ಯುವ ಕೆಲಸ ಏನೇ ಬರಲಿ, ನನ್ನ ಬಾಯಲ್ಲಿ ಅದೊಂದೇ ಮಾತು. ಜನ ಸುಮ್ಮನಿರುತ್ತಾರೆಯೇ? ನನಗೆ 'ಕೊಟ್ಟೂರು ಡಾಕ್ಟ್ರಮ್ಮ' ಎಂದು ಹೆಸರಿಟ್ಟರು. ಆಮೇಲಾಮೇಲೆ ಹೇಳಿಸಿಕೊಳ್ಳುವ ಗೋಜಿಗೂ ಹೋಗದೆ ನೇರ ಕೊಟ್ಟೂರಿಗೇ ಹೊಡೆದುಕೊಂಡು ಹೋಗತೊಡಗಿದರು.

ನನಗೆ ಎಷ್ಟು ನಾಚಿಕೆಯಾಗಿತ್ತೆಂದರೆ ಅವ್ವನಿಗೂ ಹೇಳಲಿಲ್ಲ. ದನದ ಡಾಕ್ಟರಾಗಬೇಕೆಂದು ಹಟ ಹಿಡಿದು ಓದಿದವಳು ನಾನು. ಅದಿಲ್ಲದಿದ್ದರೆ ನಾನು ಏನು ಎಂದು ನನಗೇ ತಿಳಿಯದು. ಕೊನೆಗೊಂದು ಮಧ್ಯಾಹ್ನ, ನನ್ನನ್ನು ಯಾವುದಾದರೂ ಕಚೇರಿಯ ಕಾಗದದ ಕೆಲಸಕ್ಕೆ ಹಾಕಿರೆಂದು ಇಲಾಖೆಗೆ ಅರ್ಜಿ ಬರೆದೆ. ಬರೆದು, ಮಡಿಸಿ, ಟಪಾಲಿಗೆ ಹಾಕಲು ಕಾಕಾನ ಕೈಗೆ ಕೊಟ್ಟೆ. ಅವರು ಅದನ್ನು ಓದಲಿಲ್ಲ. ಓದುವ ಅಗತ್ಯವೂ ಇರಲಿಲ್ಲ ಅಂತ ಕಾಣುತ್ತದೆ.

"ಟಪಾಲು ನಾಳೆ ಹೋಗ್ತೈತ್ರಿ," ಅಂದರು. "ಅಲ್ಲೀಮಟ ಖಾಲಿ ಅದೀರಲ್ಲ, ಇದರ ತೊಗಟಿ ತೆಗೀರಿ." ಎಂದು ಬೆರಳು ದಪ್ಪದ ಒಂದು ಹಸಿ ಬೇವಿನ ಕಡ್ಡಿಯನ್ನು ಮೇಜಿನ ಮೇಲೆ ಇಟ್ಟರು. ಅದರ ಪಕ್ಕದಲ್ಲಿ ಚಾಕು ಇಟ್ಟರು.

"ನನಗೆ ಕೈ ನಡುಗ್ತೈತೆ ಕಾಕಾ."

"ನಡುಗ್ಲಿ ಬಿಡ್ರಿ. ಕಡ್ಡಿಗೇನು ರಕ್ತ ಬರಂಗಿಲ್ಲ, ಅದರವ್ವ ಬಂದು ಬೈಯಂಗೂ ಇಲ್ಲ."

ತೊಗಟೆ ತೆಗೆಯುವುದರಲ್ಲಿ ಏನಿದೆ ಅನ್ನುತ್ತೀರಿ. ನಾನೂ ಹಾಗೇ ಅಂದುಕೊಂಡೆ. ಹೊರಗಿನ ಕಂದು ಸಿಪ್ಪೆ ಮಾತ್ರ ಹೋಗಬೇಕು, ಅದರ ಕೆಳಗಿನ ಹಸಿರು ಪದರ ಉಳಿಯಬೇಕು ಎನ್ನುವುದು ಅವರ ಕರಾರು. ನಾನು ತೆಗೆದ ಮೊದಲ ಸಿಪ್ಪೆ ಕಂದನ್ನೂ ಹಸಿರನ್ನೂ ದಾಟಿ ಬಿಳಿ ಕಟ್ಟಿಗೆಯವರೆಗೂ ಹೋಗಿತ್ತು. ಎರಡನೆಯದೂ ಹಾಗೇ. ಕಾಕಾ ನೋಡಿ, "ಎಮ್ಮಿಗೂ ಹಿಂಗಾ ಆತು," ಅಂದರು. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಇನ್ನೊಂದು ಕಡ್ಡಿ ತೆಗೆದುಕೊಂಡೆ. ಸಂಜೆಯ ಬಸ್ಸು ಬರುವ ಹೊತ್ತಿಗೆ ಏಳು ಕಡ್ಡಿ ಹಾಳು ಮಾಡಿದ್ದೆ, ಎಂಟನೆಯದರಲ್ಲಿ ಬೆರಳುದ್ದ ಹಸಿರು ಉಳಿಸಿದ್ದೆ. ಕೈ ನಡುಗಿತ್ತೋ ಇಲ್ಲವೋ ನೋಡಿಕೊಳ್ಳುವುದನ್ನೇ ಮರೆತಿದ್ದೆ.

ಮಾರನೆಯ ದಿನ ಅರ್ಜಿ ಏನಾಯಿತೆಂದು ಕೇಳಿದೆ. ಟಪಾಲಿನವನು ಬಂದಿಲ್ಲ ಅಂದರು. ಮರುದಿನವೂ ಬಂದಿಲ್ಲ ಅಂದರು. ಅಂಚೆಯಣ್ಣ ನನ್ನ ಕಣ್ಣೆದುರೇ ಸೈಕಲ್ ತುಳಿದುಕೊಂಡು ಹೋದ. ನಾನೂ ನೋಡದವಳಂತೆ ಇದ್ದೆ.

ಹೀಗೆ ಮಧ್ಯಾಹ್ನಗಳು ಕಟ್ಟಿಗೆಯ ಪಾಲಾದವು. ತೊಗಟೆಯಾದ ಮೇಲೆ ಗೂಟ. ಗೂಟಕ್ಕೆ ಹಗ್ಗ ಜಾರದಂತೆ ಒಂದು ಕಚ್ಚು ಬೇಕಲ್ಲ, ಆ ಕಚ್ಚು ಹಾಕುವಾಗ ನನ್ನ ಚಾಕು ಪ್ರತಿಸಲ ಜಾರಿ, ಕಚ್ಚನ್ನು ದಾಟಿ ಮುಂದಿನದನ್ನೂ ಸೀಳಿಬಿಡುತ್ತಿತ್ತು. ಕಾಕಾ ನನ್ನ ಗೂಟ ತೆಗೆದುಕೊಂಡು, ಎಲ್ಲಿ ನಿಲ್ಲಬೇಕೋ ಅಲ್ಲಿ ಮೊದಲು ಅಡ್ಡಲಾಗಿ ನೇರ ಒಂದು ಗೀರು ಹಾಕಿದರು.

"ಹೊಲದಾಗ ನೀರು ಬಿಡೋ ಮೊದ್ಲು ಏನ್ ಹಾಕ್ತಾರ್ರಿ? ಬದು ಹಾಕ್ತಾರ. ಬದು ಇಲ್ದಾ ನೀರು ಬಿಟ್ಟು, ನೀರಿಗೆ ನಿಲ್ಲು ಅಂದ್ರ ಅದ್ಹೆಂಗ ನಿಲ್ತೈತಿ? ಮೊದ್ಲು ಬದು, ಆಮ್ಯಾಲ ನೀರು."

ಆಮೇಲೆ ಆ ಗೀರಿನ ಕಡೆಗೆ ಓರೆಯಾಗಿ ಕೊಯ್ದರು. ಚಾಕು ಬದುವಿಗೆ ಬಂದು ತಟ್ಟನೆ ನಿಂತಿತು, ಚಿಕ್ಕ ಚಕ್ಕೆಯೊಂದು ಪಟಕ್ಕನೆ ಹಾರಿತು. ನಾನು ಅದನ್ನು ಹತ್ತು ಸಲ ಮಾಡಿಸಿಕೊಂಡು ನೋಡಿದೆ. ಕಟ್ಟಿಗೆಯ ಎಳೆಯ ಪಾಠವೂ ಹಾಗೇ ಬಂತು. ದನದ ಮೈಮೇಲೆ ಕೂದಲು ಒಂದು ಕಡೆಗೆ ಮಲಗಿರುತ್ತದೆ, ಎದುರು ಸವರಿದರೆ ಒದೆಯುತ್ತದೆ. ಕಟ್ಟಿಗೆಯ ಎಳೆಯೂ ಒಂದು ಕಡೆಗೆ ಮಲಗಿರುತ್ತದೆ, ಎದುರು ಕೊಯ್ದರೆ ಸೀಳಿ ಏಳುತ್ತದೆ ಅನ್ನುತ್ತಿದ್ದರು. ಅವರಿಗೆ ಲೋಕದ ಎಲ್ಲ ಮಾತೂ ದನದಲ್ಲಿ ಶುರುವಾಗಿ ದನದಲ್ಲೇ ಮುಗಿಯುತ್ತಿತ್ತು.

ಒಮ್ಮೆ ನಾನೇ ದೊಡ್ಡಸ್ತಿಕೆ ತೋರಿಸಲು ಹರಪನಹಳ್ಳಿಯಿಂದ ಒಂದು ಒಣ ಕಟ್ಟಿಗೆ ತಂದೆ. ನುಣುಪಾಗಿ, ಗಟ್ಟಿಯಾಗಿ, ನೋಡಲು ಬಹಳ ಚೆನ್ನಾಗಿತ್ತು. ಬಸ್ಸಿನಲ್ಲಿ ಅದನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದೆ. ಚಾಕು ಹಾಕಿದರೆ ಗೀರೂ ಬೀಳಲಿಲ್ಲ. ಕಾಕಾ ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಮೇಡಂ, ಇದು ಹುಣಸಿ. ಖಂಡದ ಅಂಗಡ್ಯಾಗ ಕಡಿಯಾಕ ಇಡ್ತಾರಲ್ರಿ ದಿಮ್ಮಿ, ಅದು ಇದಾ. ಮಚ್ಚು ಸೋಲ್ತೈತಿ, ಇದು ಸೋಲಂಗಿಲ್ಲ. ಇದರ ಮ್ಯಾಲ ಕುಂದ್ರಾಕ ಮಣಿ ಮಾಡ್ಕೊಳ್ರಿ." ಕಲಿಯುವವರಿಗೆ ಹಸಿ ಬೇವು, ಇಲ್ಲದಿದ್ದರೆ ಬೇಲಿಯ ಹಾಲವಾಣ. ಮೆತ್ತಗಿರುವುದರಲ್ಲಿ ಕಲಿತು ಗಟ್ಟಿಯಾದದ್ದಕ್ಕೆ ಹೋಗಬೇಕು ಅನ್ನುವುದು ಅವರ ಕ್ರಮ.

ಹಾಲವಾಣದಲ್ಲೇ ನಾನು ಮೊದಲ ಸವಟು ಮಾಡಿದ್ದು. ಹಿಡಿ ಚೆನ್ನಾಗಿ ಬಂತು. ಗುಳಿ ತೋಡುವಾಗ ಉತ್ಸಾಹ ಹೆಚ್ಚಾಗಿ ತಳದಲ್ಲಿ ತೂತು ಬಿತ್ತು. ಎರಡು ವಾರದ ಕೆಲಸ. ಅಳು ಬರುವಂತಾಯಿತು. ಕಾಕಾ ಸವಟನ್ನು ಬಿಸಿಲಿಗೆ ಹಿಡಿದು ತೂತಿನಲ್ಲಿ ಒಂದು ಕಣ್ಣಿಟ್ಟು ನೋಡಿ, "ಇನ್ನಾ ನಾಕು ತೂತು ಹಾಕ್ರಿ, ಎಣ್ಯಾಗಿನ ಮಿರ್ಚಿ ತೆಗಿಯಾಕ ಆತು," ಅಂದರು. ಹಾಗೇ ಮಾಡಿದೆ. ನಮ್ಮ ಅವ್ವ ಇವತ್ತಿಗೂ ಬಜ್ಜಿ ಕರಿಯುವುದು ಅದರಲ್ಲೇ.

ಚಾಕುವನ್ನು ಅವರು ಎಂದೂ ನನ್ನ ಕೈಗೆ ಕೊಡುತ್ತಿರಲಿಲ್ಲ. ಮೇಜಿನ ಮೇಲೋ ಕಟ್ಟೆಯ ಮೇಲೋ ಇಡುವರು, ನಾನು ತೆಗೆದುಕೊಳ್ಳಬೇಕು. ಕೈಯಿಂದ ಕೈಗೆ ಚಾಕು ಕೊಟ್ಟರೆ ಜಗಳವಾಗುತ್ತದೆ ಎಂದು ನಮ್ಮ ಅವ್ವನೂ ಹೇಳುತ್ತಾಳೆ. "ನೀವೂ ಇದನ್ನೆಲ್ಲಾ ನಂಬ್ತೀರಾ ಕಾಕಾ?" ಎಂದು ಕೆಣಕಿದೆ.

"ನಂಬಿಕಿ ಅಲ್ರಿ. ಕೈಯಿಂದ ಕೈಗೆ ಕೊಟ್ರ ನಡುವ ಒಂದು ಗಳಿಗಿ ಬರ್ತೈತಿ. ನಾ ಬಿಟ್ಟಿರ್ತೀನಿ, ನೀವಿನ್ನಾ ಹಿಡಿದಿರಂಗಿಲ್ಲ. ಆ ಗಳಿಗಿಯೊಳಗ ಚಾಕು ಯಾರದೂ ಅಲ್ಲ. ಯಾರದೂ ಅಲ್ಲದ ಚಾಕಾ ಕೊಯ್ಯೋದು."

ಆ ಮಾತು ಕೇಳಿದ ಮೇಲೆ ನನ್ನ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಊರಿನ ಕೆಲವು ಹಿರಿಯರು ಚೀಟಿಯನ್ನಾಗಲಿ ಚಿಲ್ಲರೆಯನ್ನಾಗಲಿ ಕಾಕಾನ ಕೈಗೆ ಕೊಡದೆ ಮೇಜಿನ ಅಂಚಿಗೆ ಇಟ್ಟು ಹಿಂದೆ ಸರಿಯುತ್ತಿದ್ದರು. ನಾನು ಅದನ್ನು ಎಷ್ಟೋ ದಿನದಿಂದ ನೋಡಿಯೂ ನೋಡಿರಲಿಲ್ಲ. ಕಾಕಾ ನನ್ನ ಮುಖ ಓದಿದರು. "ಅವ್ರು ಇಡೋದು ಬ್ಯಾರೆ, ನಾ ಇಡೋದು ಬ್ಯಾರೆ ಮೇಡಂ," ಅಂದರು.

ಅಂದೇ ಅವರು ತಾವು ಕೆತ್ತನೆ ಕಲಿತದ್ದು ಎಲ್ಲಿ ಎಂದು ಹೇಳಿದ್ದು. ತಿಂಗಳುಗಟ್ಟಲೆ ಕೇಳಿದ್ದರೂ ಹಾರಿಸಿದ್ದ ಪ್ರಶ್ನೆ ಅದು. ಬಡಗಿಯ ಮನೆತನವೇ ಅಂದರೆ ಅಲ್ಲ ಅನ್ನುವರು, ಗೊಂಬೆ ಮಾಡುವವರೇ ಅಂದರೆ ನಗುವರು. ಅವರ ಅಪ್ಪ ಸುತ್ತಿನ ಹಳ್ಳಿಗಳಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದರಂತೆ. ಚರ್ಮಕ್ಕೆ ಒಂದು ತೂತು ಬಿದ್ದರೂ ಕೊಳ್ಳುವವನು ಮುಖ ತಿರುಗಿಸುತ್ತಿದ್ದ. ಹಾಗಾಗಿ ಮಗನನ್ನು ನೇರ ದನದ ಹತ್ತಿರ ಬಿಡುತ್ತಿರಲಿಲ್ಲ. ಮೊದಲು ಬೇವಿನ ಕಡ್ಡಿ. ಕಂದು ಹೋಗಬೇಕು, ಹಸಿರು ಉಳಿಯಬೇಕು. ಒಂದು ಬೇಸಿಗೆಯಿಡೀ ಅದೇ.

"ನಮ್ಮಪ್ಪ ಸತ್ತ ದನದ ಮ್ಯಾಲ ಚಾಕು ಹಿಡಿದ," ಅಂದರು. "ನಾನು ಆ ಕೆಲಸ ಮಾಡಂಗಿಲ್ಲ ಅಂದೆ. ಓದಿದೆ, ಬದುಕಿರೋ ದನದ ಕಡೆ ಬಂದೆ. ಅಪ್ಪ ಕಲಿಸಿದ ಕೈ ಮಾತ್ರ ಬಿಡಲಿಲ್ಲ. ಕೈ ಏನ್ ತಪ್ಪು ಮಾಡೈತಿ, ಬಿಡಾಕ?"

ನಾನು ಕೈಯಲ್ಲಿದ್ದ ಕಡ್ಡಿಯ ತೊಗಟೆ ತೆಗೆದೆ. ಗೇಣುದ್ದ ಹಸಿರು ಒಂದು ಗಾಯವಿಲ್ಲದೆ ಹೊರಗೆ ಬಂತು. ಅವರ ಅಪ್ಪನ ಪಾಠ ನನ್ನ ಕೈಗೆ ಬಂದಿತ್ತು. ಅದರ ಬಗ್ಗೆ ನನಗೆ ಇಂದಿಗೂ ಹೆಮ್ಮೆ.

ಕಟ್ಟಿಗೆಯ ಮೇಲೆ ಕೈ ನಿಂತಿತ್ತು. ದನದ ಮೇಲೆ ಇನ್ನೂ ಇಲ್ಲ. ಆಡಿನ ಗೊರಸು, ಎತ್ತಿನ ಕಾಲಿನ ಮುಳ್ಳು, ಇಂಥ ಸಣ್ಣದನ್ನು ಮಾಡುತ್ತಿದ್ದೆ. ಆಳಕ್ಕೆ ಕೊಯ್ಯುವುದೆಂದರೆ ಮತ್ತೆ ಅದೇ ಕೊಟ್ಟೂರು. ಕಾಕಾ ಒಂದು ದಿನವೂ ಒತ್ತಾಯ ಮಾಡಲಿಲ್ಲ. ನನ್ನ ಅರ್ಜಿ ಅವರ ಕೈಗೆ ಹೋಗಿ ಆರು ತಿಂಗಳಾಗಿತ್ತು.

ಶೇಂಗಾ ಕೀಳುವ ಕಾಲ. ಅಂದು ಕಾಕಾ ರಜೆ ಹಾಕಿದ್ದರು. ಅವರ ಊರು ಅಲ್ಲಿಂದ ಮೂರು ಮೈಲಿ. ಹತ್ತು ಗಂಟೆಯ ಹೊತ್ತಿಗೆ ಲಗೇಜ್ ಆಟೋ ಒಂದು ಅಂಗಳಕ್ಕೆ ನುಗ್ಗಿತು. ಹಿಂದೆ ಕಾಕಾ ಒಂದು ಆಕಳ ಮೂಗುದಾರ ಹಿಡಿದು ನಿಂತಿದ್ದರು. ಅವರದೇ ಆಕಳು, ಗಬ್ಬದ ಆಕಳು. ಎಡ ಹೊಟ್ಟೆ ಬೆನ್ನೆಲುಬಿಗಿಂತ ಮೇಲೆ ಉಬ್ಬಿ ನಗಾರಿಯಂತಾಗಿತ್ತು. ನಾಲಿಗೆ ಹೊರಗೆ, ಕಣ್ಣು ಮೇಲೆ.

"ಹಸಿ ಶೇಂಗಾ ಬಳ್ಳಿ ತಿಂದೈತ್ರಿ. ಹಗ್ಗ ಹರಕೊಂಡು ಹೋಗಿತ್ತು."

"ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲ ಕಾಕಾ!"

"ಫೋನ್ನಾಗ ಚಾರ್ಜ್ ಇರಲಿಲ್ರಿ."

ಉಬ್ಬರಕ್ಕೆ ಹೊಟ್ಟೆಗೆ ದಪ್ಪ ಸೂಜಿಯಂಥದ್ದು ಚುಚ್ಚಿ ಗಾಳಿ ಬಿಡುತ್ತೇವೆ. ಚುಚ್ಚಿದೆ. ಗಾಳಿ ಬರಲಿಲ್ಲ, ನೊರೆ ಬಂದು ಕೊಳವೆ ಕಟ್ಟಿಕೊಂಡಿತು. ಮತ್ತೆ ಚುಚ್ಚಿದೆ, ಮತ್ತೆ ಅದೇ. ಗೊಟ್ಟದಲ್ಲಿ ಎಣ್ಣೆ ಕುಡಿಸಲು ಹೋದರೆ ಆಕಳು ನುಂಗುವ ಸ್ಥಿತಿಯಲ್ಲಿರಲಿಲ್ಲ. ಮುಂಗಾಲು ಮಡಚಿತು. ಇನ್ನು ಉಳಿದದ್ದು ಒಂದೇ. ಪಕ್ಕೆ ಕೊಯ್ದು ಹೊಟ್ಟೆ ತೆರೆಯುವುದು, ಈಗಲೇ, ಇಲ್ಲೇ. ಕೊಟ್ಟೂರು ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕೊಟ್ಟೂರಿನ ದಾರಿಯ ಅರ್ಧದಲ್ಲೇ ಆಕಳು ಸಾಯುತ್ತದೆ ಎನ್ನುವುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ನಾನು ಕಾಕಾನ ಮುಖ ನೋಡಿದೆ. ಅವರು ಆಕಳ ತಲೆಯನ್ನು ಎದೆಗೆ ಒತ್ತಿಕೊಂಡು, ಅದರ ಕಿವಿಯ ಹತ್ತಿರ ಏನೋ ಹೇಳುತ್ತಿದ್ದರು.

ಪಕ್ಕೆಗೆ ಮರಗಟ್ಟಿಸುವ ಸೂಜಿ ಕೊಟ್ಟು ಬ್ಲೇಡು ತೆಗೆದುಕೊಂಡೆ. ಕೈ ನಡುಗಿತು. ನಡುಗುವ ಕೈಯನ್ನೇ ಆಕಳ ಮೈಮೇಲೆ ಇಟ್ಟು ಕೂದಲು ಯಾವ ಕಡೆ ಮಲಗಿದೆ ನೋಡಿದೆ. ಎಲ್ಲಿ ನಿಲ್ಲಬೇಕೋ ಅಲ್ಲಿ ಬೆರಳಿಟ್ಟು ಗುರುತು ಮಾಡಿಕೊಂಡೆ, ಬದು. ಆಮೇಲೆ ತೊಗಟೆ. ಚರ್ಮ ಮಾತ್ರ ಹೋಗಬೇಕು, ಕೆಳಗಿನದು ಉಳಿಯಬೇಕು. ಹೋಯಿತು, ಉಳಿಯಿತು. ಆಮೇಲೆ ಮುಂದಿನ ಪದರ, ಎಳೆಯ ದಿಕ್ಕಿನಲ್ಲಿ. ಕೈ ಯಾವಾಗ ನಿಂತಿತೋ ನನಗೆ ತಿಳಿಯದು. ಕೊನೆಯ ಪದರ ತೆರೆದಾಗ ನೊರೆ, ಶೇಂಗಾ ಬಳ್ಳಿ, ಹುಳಿ ವಾಸನೆ ಎಲ್ಲ ಒಟ್ಟಿಗೆ ನನ್ನ ಮೈಮೇಲೆ ಉಕ್ಕಿತು. ಆಕಳು ಉದ್ದಕ್ಕೆ ಒಂದು ಉಸಿರು ಎಳೆದುಕೊಂಡಿತು. ಅಷ್ಟು ಒಳ್ಳೆಯ ಸದ್ದನ್ನು ನಾನು ನನ್ನ ಜೀವಮಾನದಲ್ಲಿ ಕೇಳಿಲ್ಲ.

ತೊಳೆದು, ಹೊಲಿದು ಮುಗಿಸುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಕಾಕಾ ಹೊಲಿಗೆಯನ್ನು ಬಹಳ ಹೊತ್ತು ನೋಡಿದರು. "ಗೂಟದಕಿಂತ ಇದು ಚಲೋ ಬಂದೈತಿ," ಅಂದರು. ಅವರ ಬಾಯಲ್ಲಿ ನಾನು ಕೇಳಿದ ದೊಡ್ಡ ಹೊಗಳಿಕೆ ಅದು. ಎರಡು ತಿಂಗಳ ಮೇಲೆ ಆಕಳು ಹೆಣ್ಣುಗರು ಹಾಕಿತು. ಆ ಸುದ್ದಿ ಊರಿಂದೂರಿಗೆ ಹೋಗಿ, ಜನ ಕೊಟ್ಟೂರಿನ ದಾರಿ ಬಿಟ್ಟು ಮತ್ತೆ ನಮ್ಮ ಅಂಗಳಕ್ಕೆ ಬರತೊಡಗಿದರು. ಎಮ್ಮೆಯ ಮುದುಕಿಯೂ ಬಂದಳು, ಈ ಸಲ ಹೋರಿಯೊಂದಿಗೆ. ಬೈಗುಳ ಮಾತ್ರ ಕಡಿಮೆ ಮಾಡಲಿಲ್ಲ.

ಮರುವರ್ಷ ಕಾಕಾ ನಿವೃತ್ತರಾದರು. ಆಗಾಗ ಬಂದು ಬೇವಿನ ಕಟ್ಟೆಯ ಮೇಲೆ ಕೂತು ನನ್ನ ಗೊಟ್ಟಗಳ ಅಂಚನ್ನು ನಾಲಿಗೆಯಿಂದ ಪರೀಕ್ಷೆ ಮಾಡಿ, ತಪ್ಪು ಹಿಡಿದು ಹೋಗುತ್ತಿದ್ದರು. ಕಳೆದ ಮಳೆಗಾಲದ ಕೊನೆಯಲ್ಲಿ ಒಂದು ಬೆಳಿಗ್ಗೆ ಎದೆನೋವು ಎಂದರಂತೆ. ಗಾಡಿ ಬರುವಷ್ಟರಲ್ಲಿ ಮುಗಿದಿತ್ತು. ನಾನು ತರಬೇತಿಗೆಂದು ದೂರ ಹೋಗಿದ್ದೆ. ಮೂರನೆಯ ದಿನ ಅವರ ಮನೆಗೆ ಹೋದೆ.

ಮುಂದಿನ ಕೋಣೆಯಲ್ಲಿ ಬುದ್ಧನ ಪಟದ ಪಕ್ಕ ಅವರ ಫೋಟೋ ಇಟ್ಟು ಮೇಣದಬತ್ತಿ ಹಚ್ಚಿದ್ದರು. ಅವರ ಹೆಂಡತಿ, ನಾನು ಚಿಗವ್ವ ಅನ್ನುತ್ತೇನೆ, ಗೋಡೆಗೆ ಒರಗಿ ಕೂತಿದ್ದರು. ಹಿತ್ತಲಲ್ಲಿ ಆ ಆಕಳು ಕಟ್ಟಿತ್ತು. ಪಕ್ಕೆಯ ಮೇಲೆ ನನ್ನ ಗಾಯದ ಗೀಟು ಇನ್ನೂ ಕಾಣುತ್ತಿತ್ತು. ಮಾತಿಗೆ ಇರಲಿ ಎಂದು, "ಅವತ್ತು ಕಾಕಾನ ಫೋನ್ನಾಗೆ ಚಾರ್ಜ್ ಇರ್ಲಿಲ್ಲ, ಆಕಳನ್ನ ಅಷ್ಟು ದೂರ ಹೇರ್ಕಂಡು ಬಂದಿದ್ರು," ಅಂದೆ.

ಚಿಗವ್ವ ನನ್ನನ್ನೇ ನೋಡಿದರು. "ಚಾರ್ಜ್ ಇರ್ಲಿಲ್ಲ ಅಂದ್ರೇನು? ಫೋನ್ ಚಲೋನಾ ಇತ್ತಲ್ಲ!" ಅಂದರು. "ಅವತ್ತು ಕೊಟ್ಟೂರಿನ ದೊಡ್ಡ ಡಾಕ್ಟ್ರು ಇದಾ ಊರಾಗ ಇದ್ರವ್ವ. ಲಸಿಕಿ ಹಾಕಾಕ ಬಂದಿದ್ರು. ನಾಕು ಮನಿ ಆಚಿಗೆ. ನಾ ಬಾಯಿ ಬಡ್ಕೊಂಡೆ, ಅವ್ರನ್ನ ಕರೀರಿ, ಆಕಳು ಸಾಯ್ತೈತಿ ಅಂತ. ಕೇಳಲಿಲ್ಲ. ಆಟೋ ತರಿಸಿ ಹೇರಿಕೊಂಡು ಹೊಂಟಾ ಬಿಟ್ರು. ಎಂಟು ದಿನ ನಾ ಅವ್ರನ್ನ ಮಾತಾಡ್ಸಲಿಲ್ಲ."

ಆ ಕಾಲದಲ್ಲಿ ನನ್ನ ಕೈಗೆ ಒಂದು ಕೋಳಿಯನ್ನೂ ಕೊಡಲು ಊರವರು ಹೆದರುತ್ತಿದ್ದರು. "ಯಾಕೆ ಹಂಗೆ ಮಾಡಿದ್ರು ಚಿಗವ್ವಾ? ಆಕಳು ಸತ್ತಿದ್ರೆ?"

"ನಾನೂ ಅದನ್ನಾ ಕೇಳಿದೆ. ಒಂಬತ್ತನೇ ದಿನ ಕೇಳಿದೆ. ಏನಂದ್ರು ಗೊತ್ತೇನು? 'ಆಕಳು ಹೋದ್ರ ಇನ್ನೊಂದು ಕಟ್ಟಬೋದು. ಆ ಹುಡುಗಿ ಕೈ ಹೋದ್ರ ಎಲ್ಲಿಂದ ತರಾನು?' ಅಂದ್ರು."

ಚಿಗವ್ವ ಕಣ್ಣೊರೆಸಿಕೊಂಡು, "ಎಲ್ಲಿ, ತೋರ್ಸು ನೋಡಾನು ಆ ಕೈ," ಅಂದರು.

ನಾನು ಬಲಗೈ ಮುಂದೆ ಮಾಡಿದೆ. ಎಷ್ಟೋ ದಿನಗಳ ಮೇಲೆ ಅದು ನಡುಗುತ್ತಿತ್ತು. ಚಿಗವ್ವ ಅದನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ತೊಡೆಯ ಮೇಲಿಟ್ಟುಕೊಂಡರು, ನಾನು ಏಳುವವರೆಗೂ ಬಿಡಲಿಲ್ಲ.